ಕೂಡಿ ಕಲಿಯುವ ಪದ್ಧತಿ: ಕೆತ್ತಿಯ ಕಣಿವೆಯಿಂದ ಒಂದು ಐತಿಹಾಸಿಕ ವಿವೇಚನೆ

ಅಧ್ಯಾಪಕರ ತರಬೇತಿ ಶಿಬಿರಗಳಲ್ಲಿ ಈಚೆಗೆ ಎರಡು ಮಾತುಗಳು ಪದೇ ಪದೇ ಕಿವಿಗೆ ಬೀಳುತ್ತಿವೆ. ಒಂದು ಸ್ವನಿಯಂತ್ರಿತ ಕಲಿಕೆ, ಮತ್ತೊಂದು ಸಹಯೋಗದ ಕಲಿಕೆ. ತಾನು ಏನನ್ನು ಕಲಿಯಬೇಕಾಗಿದೆ, ಎಷ್ಟನ್ನು ಕಲಿತಾಯಿತು, ಎಲ್ಲಿ ತಪ್ಪಿದೆ ಎಂಬುದನ್ನು ಮಗುವೇ ಗಮನಿಸಿಕೊಂಡು ಮುನ್ನಡೆಯುವುದು ಮೊದಲನೆಯದು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತ ನಾಲ್ಕಾರು ಮಕ್ಕಳು ಒಟ್ಟಾಗಿ ಕಲಿಯುವುದು ಎರಡನೆಯದು. ಬಲ್ಲವರ ನೆರವಿನಿಂದ ಮಗು ತನ್ನ ಶಕ್ತಿಗಿಂತ ಒಂದು ಮೆಟ್ಟಿಲು ಮೇಲಕ್ಕೆ ಏರಬಲ್ಲದೆಂದು ರಷ್ಯದ ವಿಗೋಟ್ಸ್ಕಿ ಅವರು ಹೇಳಿದರು. ಕಲಿಯುವವನು ಮೊದಲು ಯೋಚಿಸಿ, ಬಳಿಕ ಮಾಡಿ, ಆಮೇಲೆ ತನ್ನ ಕೆಲಸವನ್ನು ತಾನೇ ಪರಿಶೀಲಿಸುವ ಕ್ರಮವನ್ನು ಅಮೆರಿಕದ ಜಿಮ್ಮರ್‌ಮನ್ ಅವರು ವಿವರಿಸಿದರು. ಇವರ ಕೊಡುಗೆ ದೊಡ್ಡದು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ರೀತಿಯ ಕಲಿಕೆ ನಮ್ಮ ನಾಡಿಗೆ ಹೊಸದಾಗಿ ಹೊರಗಿನಿಂದ ಬಂದದ್ದೆಂದು ತಿಳಿದರೆ ಇತಿಹಾಸಕ್ಕೆ ಅಪಚಾರವಾದೀತು. ಕನ್ನಡ ನಾಡಿನ ಮಕ್ಕಳು ಹೀಗೆ ಕಲಿಯುತ್ತಿದ್ದುದಕ್ಕೆ ನಾನೂರು ವರ್ಷಗಳ ಹಿಂದಿನ ಲಿಖಿತ ಸಾಕ್ಷ್ಯವಿದೆ. ಅಂಥ ಪದ್ಧತಿಯೊಂದು ಮದರಾಸಿನಿಂದ ಕಡಲು ದಾಟಿ ಹೋಗಿ, ಅಲ್ಲಿ ಬೇರೆಯೇ ರೂಪ ತಾಳಿದ ಕಥೆಯೂ ಇದೆ. ಆ ಕಥೆಯ ಒಂದು ಎಳೆ ನೀಲಗಿರಿಯ ಕೆತ್ತಿಯ ಪಕ್ಕದಲ್ಲಿಯೇ ಹಾದುಹೋಗಿರುವುದರಿಂದ, ಗಡಿನಾಡಿನ ಅಧ್ಯಾಪಕರಾದ ನಾವು ಅದನ್ನು ಅರಿಯುವುದು ಯುಕ್ತವಾಗಿದೆ.

ಕುನ್ನೂರಿನಿಂದ ಉದಕಮಂಡಲಕ್ಕೆ ಏರುವ ರೈಲುದಾರಿಯಲ್ಲಿ ಕೆತ್ತಿ ಒಂದು ನಿಲ್ದಾಣ. ಅದರ ಮುಂದಿನದು ಲವ್‌ಡೇಲ್. ಕೆಳಗೆ ವಿಶಾಲವಾದ ಕಣಿವೆ, ಸುತ್ತ ಬಡಗರ ಹಟ್ಟಿಗಳು. ಉತ್ತರದ ಕನ್ನಡ ನಾಡಿನ ಕಡೆಯಿಂದ ಬಂದವರಾದ್ದರಿಂದ ಬಡಗರಿಗೆ ಆ ಹೆಸರು ಬಂದಿತೆಂಬುದು ಎಲ್ಲರೂ ಬಲ್ಲ ಸಂಗತಿ. ಅವರ ನುಡಿಯನ್ನು ಇಂದಿನ ಭಾಷಾಶಾಸ್ತ್ರಜ್ಞರು ಸ್ವತಂತ್ರ ಭಾಷೆಯೆಂದು ಎಣಿಸುತ್ತಾರೆ. ಅದು ಕನ್ನಡಕ್ಕೆ ಅತ್ಯಂತ ಸಮೀಪದ ನುಡಿಯೆಂಬುದರಲ್ಲಿಯೂ ವಿವಾದವಿಲ್ಲ. ಈ ಕಣಿವೆಯಲ್ಲಿ ೧೮೪೦ರ ದಶಕದಲ್ಲಿ ನೆಲೆಸಿದ ಕ್ಯಾಸಮೇಜರ್ ಎಂಬಾತನು ಮದರಾಸು ಸಿವಿಲ್ ಸೇವೆಯಲ್ಲಿದ್ದವನು. ಆತನು ಕನ್ನಡವನ್ನು ಕಲಿತು, ಬಡಗರ ಮಕ್ಕಳಿಗಾಗಿ ಶಾಲೆ ತೆರೆದನು. ೧೮೪೬ರಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿಗೆ ಬಂದರು. ೧೮೪೯ರಲ್ಲಿ ತೀರಿಕೊಂಡ ಕ್ಯಾಸಮೇಜರನು ತನ್ನ ಆಸ್ತಿಯ ಬಹುಭಾಗವನ್ನು ಆ ಸಂಸ್ಥೆಗೇ ಬಿಟ್ಟುಹೋದನು. ಹೀಗೆ ನೀಲಗಿರಿಯ ಬಡಗ ಮಕ್ಕಳು ಕಲಿತ ಮೊದಲ ಶಾಲೆಯ ಅಕ್ಷರಗಳು ಕನ್ನಡ ಅಕ್ಷರಗಳಾದವು. ಇದು ಕಣಿವೆಯ ಕಥೆ. ಅದರ ಮೇಲಣ ಲವ್‌ಡೇಲಿನ ಕಥೆ ಮದರಾಸಿನ ಎಳುಂಬೂರಿನಿಂದ ಬಂದದ್ದು. ಅದನ್ನು ಹೇಳುವ ಮೊದಲು ನಾವು ಕೆಳದಿ ಅರಸರ ಕಾಲದ ಮಲೆನಾಡಿಗೆ ಹೋಗಬೇಕಾಗಿದೆ.

೧೬೨೩ನೆಯ ಇಸವಿ. ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನು ಆಳುತ್ತಿದ್ದನು. ಗೋವೆಯ ಪೋರ್ಚುಗೀಸರು ಆತನ ಬಳಿಗೆ ಒಬ್ಬ ರಾಯಭಾರಿಯನ್ನು ಕಳಿಸಿದರು. ಆ ತಂಡದ ಜೊತೆಗೆ ರೋಮಿನ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲ್ಲೆ ಎಂಬ ಶ್ರೀಮಂತನೂ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟ ಹತ್ತಿದನು. ಈತನು ಕಂಡದ್ದನ್ನೆಲ್ಲ ತನ್ನ ಗೆಳೆಯನಿಗೆ ಪತ್ರರೂಪದಲ್ಲಿ ಬರೆದನು. ದಾರಿಯಲ್ಲಿ ಹೊರೆಗಳನ್ನು ಕಟ್ಟಿ ಅಣಿಗೊಳಿಸುವವರೆಗೆ ಆತನು ಒಂದು ದೇಗುಲದ ಜಗಲಿಯಲ್ಲಿ ಕಾಯಬೇಕಾಯಿತು. ಅಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು.

ಅವರು ಕಲಿಯುತ್ತಿದ್ದ ಬಗೆಯನ್ನು ಆತನು ವಿವರವಾಗಿ ಬರೆದಿದ್ದಾನೆ. ನೆಲದ ಮೇಲೆ ನಯವಾದ ಮರಳನ್ನು ಹರಡಿತ್ತು. ಹುಡುಗರಲ್ಲೊಬ್ಬನು ಪಾಠದ ಒಂದು ತುಣುಕನ್ನು ಒಂದೇ ಧಾಟಿಯಲ್ಲಿ ರಾಗವಾಗಿ ಹಾಡುತ್ತ, ಹಾಡಿದ ಅಂಕಿಯನ್ನು ಬೆರಳಿನಿಂದ ಮರಳಿನಲ್ಲಿ ಬರೆಯುವನು. ಉಳಿದವರು ಕೂಡಲೇ ಅದನ್ನೇ ಹಾಡಿ ಬರೆಯುವರು. ಬಳಿಕ ಮುಂದಿನ ತುಣುಕು. ನೆಲ ತುಂಬಿದಾಗ ಅಂಗೈಯಿಂದ ಅಳಿಸಿ, ಪಕ್ಕದಲ್ಲಿದ್ದ ಮರಳ ರಾಶಿಯಿಂದ ಹೊಸ ಮರಳನ್ನು ಹರಡಿಕೊಳ್ಳುವರು. ಕಾಗದವಿಲ್ಲ, ಲೇಖನಿಯಿಲ್ಲ, ಮಸಿಯಿಲ್ಲ, ಖರ್ಚೂ ಇಲ್ಲ. ನಮ್ಮ ಮಗ್ಗಿಯ ಪಾಠವನ್ನು ಬಲ್ಲವರಿಗೆ ಈ ಚಿತ್ರ ಪರಿಚಿತವೇ ಸರಿ.

ಆದರೆ ನಮಗೆ ಮುಖ್ಯವಾದದ್ದು ಇದರ ಮುಂದಿನ ಸಂಗತಿ. ಅಲ್ಲಿ ಉಪಾಧ್ಯಾಯರು ಇರಲಿಲ್ಲ. ಪಾಠ ಮರೆತುಹೋದರೆ, ತಪ್ಪಾದರೆ ನಿಮಗೆ ಹೇಳಿಕೊಡುವವರು ಯಾರು ಎಂದು ಪ್ರವಾಸಿ ಕೇಳಿದನು. ನಾಲ್ವರೂ ಒಂದೇ ಜಾಗದಲ್ಲಿ ಮರೆಯುವುದು ಸಾಧ್ಯವಿಲ್ಲ, ಒಬ್ಬನು ತಪ್ಪಿದರೆ ಉಳಿದವರು ತಿದ್ದಲೆಂದೇ ನಾವು ಕೂಡಿ ಅಭ್ಯಾಸ ಮಾಡುತ್ತೇವೆ ಎಂಬರ್ಥದ ಉತ್ತರವನ್ನು ಹುಡುಗರು ಕೊಟ್ಟರು. ಇದು ಸುಲಭವಾದ, ಸೊಗಸಾದ, ಭದ್ರವಾದ ಕ್ರಮವೆಂದು ಆತನು ಮೆಚ್ಚಿಕೊಂಡನು.

ಈ ಉತ್ತರವನ್ನು ಅಧ್ಯಾಪಕ ಬಂಧುಗಳು ಚೆನ್ನಾಗಿ ಗಮನಿಸಬೇಕು. ಮಕ್ಕಳು ಕೂಡಿ ಕುಳಿತಿದ್ದರೆಂಬುದೇ ದೊಡ್ಡದಲ್ಲ. ಏಕೆ ಕೂಡಿ ಕುಳಿತಿದ್ದೇವೆಂಬುದು ಅವರಿಗೆ ತಿಳಿದಿತ್ತು. ಮರೆವು ಸಹಜವೆಂದು ಅವರು ಬಲ್ಲರು. ಆ ಮರೆವಿಗೆ ಮದ್ದನ್ನು ಮೊದಲೇ ಏರ್ಪಡಿಸಿಕೊಂಡಿದ್ದರು. ಪರದೇಶದವನೊಬ್ಬನು ಕೇಳಿದಾಗ ಅದಕ್ಕೆ ಕಾರಣವನ್ನು ಹೇಳಬಲ್ಲವರಾಗಿದ್ದರು. ತನ್ನ ಕಲಿಕೆಯ ರೀತಿಯನ್ನು ತಾನೇ ಅರಿತು ನಡೆಸುವುದೇ ಸ್ವನಿಯಂತ್ರಣವಾದರೆ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರಕುವುದು ಕಷ್ಟ. ಅಲ್ಲಿ ತಿದ್ದುವ ಹಕ್ಕು ನಾಲ್ವರಿಗೂ ಸಮವಾಗಿತ್ತು. ತಪ್ಪಿದವನಿಗೆ ಶಿಕ್ಷೆಯ ಮಾತಿಲ್ಲ. ಮರಳನ್ನು ಸವರಿ ಮತ್ತೆ ಬರೆದರಾಯಿತು.

ಇದಾದ ಇನ್ನೂರು ವರ್ಷಗಳ ಮೇಲೆ ಮತ್ತೊಂದು ಸಾಕ್ಷ್ಯ ಬಳ್ಳಾರಿಯಿಂದ ದೊರೆಯುತ್ತದೆ. ೧೮೨೨ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಆಧಿಪತ್ಯದ ಜಿಲ್ಲೆಗಳಲ್ಲೆಲ್ಲ ದೇಶೀಯ ಶಾಲೆಗಳ ಗಣತಿ ಮಾಡಿಸಿದನು. ಒಟ್ಟು ೧೨,೪೯೮ ಶಾಲೆಗಳು, ೧,೮೮,೬೫೦ ವಿದ್ಯಾರ್ಥಿಗಳು ಎಂದು ಲೆಕ್ಕ ಬಂದಿತು. ಆ ವರದಿಗಳಲ್ಲಿ ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಪ್‌ಬೆಲ್ ೧೮೨೩ರ ಆಗಸ್ಟಿನಲ್ಲಿ ಬರೆದುದು ಅತ್ಯಂತ ವಿವರವಾದುದು. ಆ ಜಿಲ್ಲೆಯಲ್ಲಿದ್ದ ೫೩೩ ಶಾಲೆಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಮಿಕ್ಕವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಮತ್ತು ಇಂಗ್ಲಿಷಿನವು. ವಿದ್ಯಾರ್ಥಿಗಳು ೬,೬೪೧. ಅಂದರೆ ಒಂದು ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಈ ಹನ್ನೆರಡೆಂಬ ಸಂಖ್ಯೆಯನ್ನು ವಾಚಕರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಕನ್ನಡದ ಹಿರಿಯರು ಕೂಲಿಮಠವೆಂದು ಕರೆಯುತ್ತಿದ್ದ ಶಾಲೆಗಳ ಚಿತ್ರವೇ ಈ ವರದಿಯಲ್ಲಿ ಮೂಡಿದೆ. ಮಗುವಿಗೆ ಐದು ವರ್ಷ ತುಂಬಿದಾಗ ಉಪಾಧ್ಯಾಯರನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಕರೆಯುವರು. ಎಲ್ಲರೂ ಗಣಪತಿಯ ಸುತ್ತ ಕುಳಿತಿರುವಾಗ ಮಗು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಯುವುದು. ಕಲಿಯುವ ಜೊತೆಗಾರರ ನಡುವೆಯೇ ಅದರ ವಿದ್ಯಾರಂಭವಾಗುತ್ತಿತ್ತು. ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ತರಗತಿಗಳು. ಕೆಳಗಿನವನ್ನು ಭಾಗಶಃ ಹಿರಿಯ ವಿದ್ಯಾರ್ಥಿಗಳು ನೋಡಿಕೊಳ್ಳುವರು. ಮೇಲಿನವು ಉಪಾಧ್ಯಾಯರ ಕೈಕೆಳಗೆ. ಆದರೆ ಉಪಾಧ್ಯಾಯರ ಕಣ್ಣು ಇಡೀ ಶಾಲೆಯ ಮೇಲೆ. ಒಂದು ತರಗತಿಯಿಂದ ಇನ್ನೊಂದಕ್ಕೆ ಏರುವುದು ಮಗುವಿನ ಶಕ್ತಿ ಮತ್ತು ಪ್ರಗತಿಗಳನ್ನು ಅನುಸರಿಸಿ. ಮೊದಲು ಮರಳಿನಲ್ಲಿ ಬೆರಳು. ಕೈ ಪಳಗಿದ ಮೇಲೆ ಓಲೆಯ ಮೇಲೆ ಕಂಟ, ಇಲ್ಲವೆ ಹಲಗೆ, ಕಡತಗಳ ಮೇಲೆ ಬಳಪ. ಬಟ್ಟೆಗೆ ಗಂಜಿ ಹಾಕಿ ಮಡಿಸಿ, ಇದ್ದಿಲಿನ ಲೇಪ ಬಳಿದು ಮಾಡಿದ ಕಡತವನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಮತ್ತೆ ಬರೆಯಬಹುದಾಗಿತ್ತು. ಮುಂದುವರಿದ ಹುಡುಗರು ಹಿಂದಿರುವವರಿಗೆ ಕಲಿಸುವುದರಿಂದ ಕಲಿಸುವವರ ಜ್ಞಾನವೂ ಗಟ್ಟಿಯಾಗುತ್ತದೆಂದು ಕ್ಯಾಂಪ್‌ಬೆಲ್ ಮೆಚ್ಚಿದನು. ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ತಕ್ಕುದೇ ಆಯಿತೆಂದೂ ಹೇಳಿದನು.

ಇಷ್ಟರಿಂದ ಹಿಂದಿನದೆಲ್ಲ ಹೊನ್ನೆಂದು ನಾವು ಹೇಳಹೊರಟಿಲ್ಲ. ಅದೇ ವರದಿಯಲ್ಲಿ ಕೊರತೆಗಳೂ ಇವೆ. ಮಕ್ಕಳು ಹಳೆಯ ಕಾವ್ಯಭಾಷೆಯ ಪದ್ಯಗಳನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಿದ್ದರು. ಬೆಳಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಂತೆ ಏಟು ಏರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ೬,೬೪೧ ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ ಅರುವತ್ತು. ಕೂಡಿ ಕಲಿಯುವ ಭಾಗ್ಯ ಯಾರಿಗೆ ಇತ್ತು, ಯಾರಿಗೆ ಇರಲಿಲ್ಲ ಎಂಬ ಪ್ರಶ್ನೆಯನ್ನು ಬಿಟ್ಟು ಈ ಪದ್ಧತಿಯನ್ನು ಹೊಗಳುವುದು ನ್ಯಾಯವಲ್ಲ. ಶಾಲೆಗಳು ಕ್ಷೀಣಿಸಲು ಕಾರಣವನ್ನೂ ಕ್ಯಾಂಪ್‌ಬೆಲ್ ಮರೆಮಾಚಲಿಲ್ಲ. ನಾಡಿನ ಜನ ಬಡವರಾಗುತ್ತಿದ್ದರು. ಯುರೋಪಿನ ಬಟ್ಟೆ ಬಂದು ಇಲ್ಲಿನ ನೇಕಾರರ ಕೈ ಕಟ್ಟಿತ್ತು. ಹಿಂದಿನ ಅರಸರು ವಿದ್ಯೆಗೆ ಕೊಡುತ್ತಿದ್ದ ಆಶ್ರಯವೂ ನಿಂತುಹೋಗಿತ್ತು. ಧರ್ಮಪಾಲರು ಈ ಕಾಗದಪತ್ರಗಳನ್ನೆಲ್ಲ ೧೯೮೩ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಮೇಲೆ ಅವು ಸಾಮಾನ್ಯ ಓದುಗರ ಕೈಗೂ ಸಿಕ್ಕಿದವು.

ಇಂಗ್ಲೆಂಡಿನವರು ಅನುಕರಿಸಿದರೆಂದು ಕ್ಯಾಂಪ್‌ಬೆಲ್ ಹೇಳಿದುದು ಯಾವುದನ್ನು ಕುರಿತು? ಇಲ್ಲಿಂದ ನಮ್ಮ ಕಥೆ ಎಳುಂಬೂರಿಗೆ ಹೋಗುತ್ತದೆ. ೧೭೮೯ರಲ್ಲಿ ಅಲ್ಲಿ ಸೈನಿಕರ ಅನಾಥ ಗಂಡುಮಕ್ಕಳಿಗಾಗಿ ಒಂದು ಆಶ್ರಮ ಸ್ಥಾಪಿತವಾಯಿತು. ಸ್ಕಾಟ್ಲೆಂಡಿನ ಪಾದ್ರಿ ಆಂಡ್ರೂ ಬೆಲ್ ಅದರ ಮೇಲ್ವಿಚಾರಕನಾದನು. ಒಂದು ದಿನ ದೇಶೀಯ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡ ಆತನು, ತನ್ನ ಶಾಲೆಯಲ್ಲಿಯೂ ಹಾಗೆಯೇ ಕಲಿಸುವಂತೆ ಹೇಳಿದನು. ಸಂಬಳದ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಜಾನ್ ಫ್ರಿಸ್ಕೆನ್ ಎಂಬ ಸುಮಾರು ಎಂಟು ವರ್ಷದ ಸಿಪಾಯಿಯ ಮಗನನ್ನು ಕರೆದು ಚಿಕ್ಕವರಿಗೆ ಕಲಿಸಲು ಹಚ್ಚಿದನು. ಅದು ಫಲಿಸಿತು. ಮುಂದೆ ಶಾಲೆಯ ಪಾಠವೆಲ್ಲ ಹುಡುಗರ ಕೈಯಿಂದಲೇ ನಡೆಯತೊಡಗಿತು. ಬೆಲ್ ಊರಿಗೆ ಮರಳಿ ೧೭೯೭ರಲ್ಲಿ ಈ ಪ್ರಯೋಗದ ಬಗೆಗೆ ಒಂದು ಪುಸ್ತಕವನ್ನು ಪ್ರಕಟಿಸಿದನು. ಮರಳಿನ ಬರಹವನ್ನು ದೇಶೀಯ ಶಾಲೆಯಲ್ಲಿ ಕಂಡುದಾಗಿ ಆತನೇ ಒಪ್ಪಿದ್ದಾನೆ. ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸುವುದು ಮಾತ್ರ ತನ್ನ ಸ್ವಂತ ಕಲ್ಪನೆಯೆಂದನು. ಅದು ಕೂಡ ದೇಶೀಯ ಶಾಲೆಗಳ ರೂಢಿಯೇ ಆಗಿತ್ತೆಂಬುದಕ್ಕೆ ಬಳ್ಳಾರಿಯ ವರದಿ ಸಾಕ್ಷಿ ಹೇಳುತ್ತದೆ. ತಮಿಳರ ತಿಣ್ಣೆ ಶಾಲೆಯಲ್ಲಿಯೂ ಅಂಥ ಹಿರಿಯ ಹುಡುಗನಿಗೆ ಸಟ್ಟಾಂಪಿಳ್ಳೆ ಎಂಬ ಹೆಸರಿತ್ತು. ನಮ್ಮ ಜಗಲಿ, ಅವರ ತಿಣ್ಣೆ; ಕಲಿಕೆಯ ಕ್ರಮ ಒಂದೇ.

ಇಂಗ್ಲೆಂಡಿನಲ್ಲಿ ಇದು ಮದ್ರಾಸ್ ಪದ್ಧತಿಯೆಂದೇ ಹೆಸರಾಯಿತು. ಬೆಲ್ಲನ ಹಣದಿಂದ ಸೇಂಟ್ ಆಂಡ್ರೂಸಿನಲ್ಲಿ ಕಟ್ಟಿದ ಶಾಲೆಯನ್ನು ಇಂದಿಗೂ ಮದ್ರಾಸ್ ಕಾಲೇಜೆಂದು ಕರೆಯುತ್ತಾರೆ. ಅದೇ ಕಾಲದಲ್ಲಿ ಲಂಡನ್ನಿನ ಜೋಸೆಫ್ ಲಂಕಾಸ್ಟರನೂ ಇಂಥದೇ ಶಾಲೆಯನ್ನು ನಡೆಸಿದನು. ಆದರೆ ಅಲ್ಲಿ ಅದು ಪಡೆದ ರೂಪವನ್ನು ನೋಡಿರಿ. ಕೈಗಾರಿಕೆಯ ಪಟ್ಟಣಗಳಲ್ಲಿ ಬಡಮಕ್ಕಳು ಸಾವಿರಾರು, ಖರ್ಚು ಕಡಿಮೆಯಾಗಬೇಕು. ಆದ್ದರಿಂದ ಒಂದು ದೊಡ್ಡ ಕೊಠಡಿಯಲ್ಲಿ ನೂರಾರು ಮಕ್ಕಳು, ಒಬ್ಬನೇ ಗುರು, ಸಾಲು ಸಾಲಿಗೆ ಒಬ್ಬ ಮೇಲಾಳು ಹುಡುಗ. ಆ ಹುಡುಗನು ಬೆಳಗ್ಗೆ ಗುರುವಿನಿಂದ ಕೇಳಿದುದನ್ನು ತನ್ನ ಸಾಲಿಗೆ ಒಪ್ಪಿಸುವನು. ಆಜ್ಞೆಯಾದಾಗ ಎಲ್ಲರೂ ಏಳಬೇಕು, ಆಜ್ಞೆಯಾದಾಗ ಕೂರಬೇಕು. ಗೆದ್ದವರಿಗೆ ಬಿಲ್ಲೆ, ಲಂಕಾಸ್ಟರನ ಶಾಲೆಯಲ್ಲಿ ತಪ್ಪಿದವರ ಕೊರಳಿಗೆ ಮರದ ಕೊರಡು. ಘಟ್ಟದ ಜಗಲಿಯ ನಾಲ್ವರು ಒಬ್ಬರನ್ನೊಬ್ಬರು ತಿದ್ದುತ್ತಿದ್ದರು; ಇಲ್ಲಿ ಒಬ್ಬನು ಉಳಿದವರನ್ನು ಆಳುತ್ತಿದ್ದನು. ಬಳ್ಳಾರಿಯ ಹನ್ನೆರಡು ಮಕ್ಕಳ ಮೇಲೆ ಗುರುವಿನ ಕಣ್ಣು ಇತ್ತು. ಇಲ್ಲಿ ಒಬ್ಬ ಗುರುವಿಗೆ ನೂರಾರು ಮುಖಗಳು ಕಾಣಲಾರವು. ಮಕ್ಕಳ ಪರಸ್ಪರ ನೆರವು ಗುರುವಿಗೆ ಜೊತೆಯಾಗಿದ್ದಾಗ ವಿದ್ಯೆಯಾಯಿತು. ಗುರುವಿಗೆ ಬದಲಾಗಿ ನಿಂತಾಗ ಯಂತ್ರವಾಯಿತು. ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಇಂಗ್ಲೆಂಡಿನವರಿಗೂ ಈ ಕೊರತೆ ಕ್ರಮೇಣ ಅರಿವಾಯಿತು. ೧೮೪೬ರಲ್ಲಿ ಅಲ್ಲಿನ ಸರಕಾರ ಎಳೆಯ ಮಕ್ಕಳ ಬದಲು ತರಬೇತಿ ಹೊಂದುವ ತರುಣ ಅಧ್ಯಾಪಕರ ವ್ಯವಸ್ಥೆಯನ್ನು ತಂದಿತು. ಕೆತ್ತಿಗೆ ಬಾಸೆಲಿನವರು ಬಂದುದೂ ಅದೇ ವರ್ಷವೆಂಬುದು ಒಂದು ಯೋಗಾಯೋಗ. ೧೮೭೦ರ ದಶಕದ ಆರಂಭದಲ್ಲಿ ಎಳುಂಬೂರಿನ ಆ ಅನಾಥಾಲಯವನ್ನು ಉದಕಮಂಡಲದ ಲಾರೆನ್ಸ್ ಆಶ್ರಮದೊಡನೆ ಸೇರಿಸಿ ಲವ್‌ಡೇಲಿಗೆ ತಂದರು. ಲವ್‌ಡೇಲಿನ ಲಾರೆನ್ಸ್ ಶಾಲೆಯ ವಂಶವೃಕ್ಷದಲ್ಲಿ ಬೆಲ್ಲನ ಶಾಲೆಯೂ ಒಂದು ಬೇರು. ಹೀಗೆ ಮರಳಿನ ಬರಹವನ್ನು ಕಂಡು ಜಗತ್ತಿಗೆ ಸಾರಿದ ಸಂಸ್ಥೆ ಕೆತ್ತಿಯ ಕಣಿವೆಯ ನೆರೆಗೆ ಬಂದು ನೆಲೆಸಿತು. ಆದರೆ ಅದು ಬರುವ ಹೊತ್ತಿಗೆ ಆ ಪದ್ಧತಿಯ ಕಾಲ ಮುಗಿದಿತ್ತು. ಮೇಲೆ ಮದ್ರಾಸ್ ಪದ್ಧತಿಯ ತವರು. ಕೆಳಗೆ ಕನ್ನಡ ಅಕ್ಷರ ತಿದ್ದುತ್ತಿದ್ದ ಬಡಗ ಮಕ್ಕಳು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸರಕಾರದ ತಪಾಸಣೆ, ಪರೀಕ್ಷೆ, ಫಲಿತಾಂಶವನ್ನು ನೋಡಿ ಕೊಡುವ ಅನುದಾನ ಇವು ಶಾಲೆಗಳಿಗೆ ಬಂದವು. ಪ್ರತಿಯೊಂದು ಮಗುವೂ ಒಂಟಿಯಾಗಿ ಉತ್ತರ ಕೊಡಬೇಕಾಯಿತು. ಅದರಿಂದ ಕೆಲವು ಲಾಭಗಳೂ ಆದವೆನ್ನೋಣ. ಆದರೆ ಪಕ್ಕದವನನ್ನು ಕೇಳುವುದು ಅಂದಿನಿಂದ ಅಪರಾಧವಾಯಿತು. ಜಗಲಿಯ ಹುಡುಗರು ವಿದ್ಯೆಯ ಭದ್ರತೆಗೆಂದು ಮಾಡುತ್ತಿದ್ದ ಕೆಲಸಕ್ಕೆ ನಮ್ಮ ತರಗತಿಗಳಲ್ಲಿ ಕಾಪಿ ಹೊಡೆಯುವುದೆಂಬ ಹೆಸರು ಬಿದ್ದಿತು.

ಗಡಿನಾಡಿನಲ್ಲಿ ಇದರ ನಷ್ಟ ಹೆಚ್ಚು. ಕೆತ್ತಿಯ ಬಡಗ ಮಗು ಮನೆಯಲ್ಲಿ ಒಂದು ನುಡಿಯನ್ನಾಡುತ್ತ ಶಾಲೆಯಲ್ಲಿ ಮೊದಲು ಕನ್ನಡವನ್ನು ಎದುರಿಸಿತು. ಇಪ್ಪತ್ತನೆಯ ಶತಮಾನದಲ್ಲಿ ಶಾಲೆಯ ಭಾಷೆ ತಮಿಳಾಯಿತು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೀಲಗಿರಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಈಗ ಅದರ ಮೇಲೆ ಇಂಗ್ಲಿಷ್. ತೋಡ, ಕೋತ, ಕುರುಂಬ, ಇರುಳ ಮಕ್ಕಳ ಪಾಡೂ ಇದೇ. ಗೂಡಲೂರು, ಮಸಿನಗುಡಿಗಳ ಕನ್ನಡ ಮನೆಗಳ ಮಕ್ಕಳದೂ ಇದೇ. ಪುಸ್ತಕದ ಮಾತು ಅರ್ಥವಾಗದ ಮಗುವಿಗೆ ಅದನ್ನು ತನ್ನ ಮನೆಮಾತಿನಲ್ಲಿ ಹೇಳಬಲ್ಲ ಮೊದಲ ವ್ಯಕ್ತಿ ಉಪಾಧ್ಯಾಯರಲ್ಲ, ಪಕ್ಕದಲ್ಲಿ ಕುಳಿತ ಹಟ್ಟಿಯ ಗೆಳೆಯ. ತರಗತಿಯಲ್ಲಿ ಮಾತಾಡಬೇಡವೆಂದು ಗದರಿಸಿದಾಗ ನಾವು ಗದ್ದಲವನ್ನಷ್ಟೇ ನಿಲ್ಲಿಸುವುದಿಲ್ಲ. ಆ ಮಗುವಿಗಿರುವ ಒಬ್ಬನೇ ದುಭಾಷಿಯ ಬಾಯನ್ನೂ ಮುಚ್ಚಿಸುತ್ತೇವೆ.

ಮರೆತುಹೋದ ದಾರಿ ಮತ್ತೆ ಕಾಣಿಸಿಕೊಂಡುದು ಸಂತೋಷದ ಸಂಗತಿ. ಆಂಧ್ರದ ರಿಷಿ ವ್ಯಾಲಿಯವರು ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ, ಮಗು ತನ್ನ ವೇಗದಲ್ಲಿ ಹತ್ತಬಹುದಾದ ಕಲಿಕೆಯ ಏಣಿಯನ್ನೂ ಕಾರ್ಡುಗಳನ್ನೂ ರೂಪಿಸಿದರು. ಅದನ್ನು ನೋಡಿ ಬಂದ ಅಧ್ಯಾಪಕರು ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿಯನ್ನು ಆರಂಭಿಸಿದರು. ಅದೂ ಗಡಿ ತಾಲ್ಲೂಕೇ. ೨೦೦೯-೧೦ರಲ್ಲಿ ಅದು ಕರ್ನಾಟಕದ ಸರಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ನಲಿ-ಕಲಿಯಲ್ಲಿ ಮಕ್ಕಳು ತಟ್ಟೆಗಳೆಂಬ ಗುಂಪುಗಳಲ್ಲಿ ಕೂರುತ್ತಾರೆ: ಉಪಾಧ್ಯಾಯರ ಪೂರ್ಣ ನೆರವಿನದು, ಭಾಗಶಃ ನೆರವಿನದು, ಸಹಪಾಠಿಗಳ ನೆರವಿನದು, ಕೊನೆಗೆ ತಾನೇ ಕಲಿಯುವುದು. ಗಡಿಯ ಆಚೆ ತಮಿಳುನಾಡಿನಲ್ಲಿಯೂ ಇಂಥದೇ ಚಟುವಟಿಕೆಯ ಕಲಿಕೆ ೨೦೦೩ರಲ್ಲಿ ಚೆನ್ನೈ ನಗರಪಾಲಿಕೆಯ ಶಾಲೆಗಳಲ್ಲಿ ಮೊದಲಾಗಿ, ೨೦೦೭-೦೮ರಲ್ಲಿ ರಾಜ್ಯದ ಸರಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಬಂದಿತು. ಭಾಷೆ ಬೇರೆ, ಸರಕಾರ ಬೇರೆ, ಏಣಿ ಒಂದೇ. ಜಗಲಿ ಮತ್ತು ತಿಣ್ಣೆಗಳ ಹಳೆಯ ನಂಟು ಹೀಗೆ ಮತ್ತೆ ಕೂಡಿಕೊಂಡಿತು.

ಆದರೆ ಲಂಕಾಸ್ಟರನ ಕೊಠಡಿಯ ಪಾಠವನ್ನು ನಾವು ಮರೆಯಬಾರದು. ಮಕ್ಕಳು ತಾವೇ ಕಲಿಯುತ್ತಾರೆಂಬ ಮಾತು ಅಧ್ಯಾಪಕರ ಹುದ್ದೆಯನ್ನು ಖಾಲಿ ಬಿಡಲು ನೆಪವಾಗಬಾರದು. ಗಡಿಯ ಶಾಲೆಗಳಿಗೆ ಈ ಭಯ ಎಲ್ಲರಿಗಿಂತ ಹೆಚ್ಚು. ಮಕ್ಕಳ ಸಂಖ್ಯೆ ಕಡಿಮೆಯೆಂದು ಶಾಲೆಯನ್ನೇ ಮುಚ್ಚಹೊರಡುವವರಿಗೆ ಬಳ್ಳಾರಿಯ ಲೆಕ್ಕವನ್ನು ತೋರಿಸಬೇಕು. ಹನ್ನೆರಡು ಮಕ್ಕಳಿದ್ದ ಶಾಲೆ ಅಂದು ಕೊರತೆಯ ಗುರುತಲ್ಲ, ಶಾಲೆಯ ಸಹಜ ಅಳತೆಯೇ ಆಗಿತ್ತು. ಕೂಡಿ ಕಲಿಯಲು ಬೇಕಾದ ಗುಂಪು ಸಣ್ಣದೇ.

ಹಾಗಾದರೆ ಇತಿಹಾಸದಿಂದ ನಾವು ತೆಗೆದುಕೊಳ್ಳಬೇಕಾದದ್ದು ಏನು? ಗುಂಪು ನಾಲ್ಕರಿಂದ ಹನ್ನೆರಡರೊಳಗೆ ಇರಲಿ. ತಿದ್ದುವ ಹಕ್ಕು ಒಬ್ಬ ಮೇಲಾಳಿಗೆ ಮೀಸಲಾಗದೆ ಎಲ್ಲ ಮಕ್ಕಳಿಗೂ ಸರದಿಯಂತೆ ದೊರೆಯಲಿ. ಅದರಲ್ಲಿ ಹೆಣ್ಣುಮಕ್ಕಳಿಗೆ, ಹಿಂದೆ ಜಗಲಿಯನ್ನೇ ಹತ್ತಲಾಗದಿದ್ದವರ ಮಕ್ಕಳಿಗೆ ಸಮಪಾಲು ಇರಲಿ. ಮನೆಯ ನುಡಿಯಲ್ಲಿ ವಿವರಿಸಿಕೊಳ್ಳಲು ಮಕ್ಕಳಿಗೆ ಸಂಕೋಚವಾಗದಿರಲಿ. ಇಷ್ಟೆಲ್ಲದರ ಮೇಲೆ ಉಪಾಧ್ಯಾಯರ ಕಣ್ಣಿರಲಿ. ನಾವು ಏಕೆ ಹೀಗೆ ಕುಳಿತು ಕಲಿಯುತ್ತಿದ್ದೇವೆಂದು ನಮ್ಮ ತರಗತಿಯ ಯಾವುದಾದರೊಂದು ಮಗುವನ್ನು ಕೇಳಿದಾಗ ಅದು ಕಾರಣ ಹೇಳಬಲ್ಲದಾದರೆ, ಪದ್ಧತಿ ಬೇರೂರಿತೆಂದು ತಿಳಿಯಬಹುದು. ಗುರುಗಳು ಹೇಳಿದರು, ಅದಕ್ಕೆ ಕುಳಿತೆವು ಎಂದಷ್ಟೇ ಅದು ಉತ್ತರಿಸಿದರೆ, ನಮ್ಮ ಕೆಲಸ ಇನ್ನೂ ಉಳಿದಿದೆ.